ರಾತ್ರಿ ಹನ್ನೊಂದರ ಕತ್ತಿವರಸೆ

ಧಾರವಾಡದ ಸಪ್ತಾಪುರ ಹಗಲು ಹೊತ್ತು ಮಾತಾಡುವುದಿಲ್ಲ. ಬಾವಿಯ ಹತ್ತಿರ ಬಸ್ಸಿಳಿದು ಮಿಚಿಗನ್ ಕಂಪೌಂಡಿನ ಕಡೆಗೋ ಶ್ರೀನಗರ ಸರ್ಕಲ್ಲಿನ ಕಡೆಗೋ ನಡೆದರೆ ಕೋಚಿಂಗ್ ಸೆಂಟರಿನ ಫ್ಲೆಕ್ಸು, ಝೆರಾಕ್ಸ್ ಅಂಗಡಿ, ಖಾನಾವಳಿ, ಪಿ.ಜಿ., ಮತ್ತೆ ಕೋಚಿಂಗ್ ಸೆಂಟರು. ಇವುಗಳ ನಡುವೆ ಮಹಡಿಯ ಮೇಲೆ ರೀಡಿಂಗ್ ರೂಮುಗಳು. ಒಬ್ಬೊಬ್ಬರಿಗೆ ಒಂದೊಂದು ಪ್ಲೈವುಡ್ ಗೂಡು, ಮೇಲೊಂದು ಟ್ಯೂಬ್‌ಲೈಟು, ಗೋಡೆಯ ಮೇಲೆ ‘ನಿಶ್ಶಬ್ದ’ ಎಂಬ ಚೀಟಿ. ವಿಜಯಪುರ, ಬಾಗಲಕೋಟೆ, ಕೊಪ್ಪಳ, ರಾಯಚೂರು ಕಡೆಯಿಂದ ಬಂದ ಹುಡುಗ ಹುಡುಗಿಯರು ಅಲ್ಲಿ ಸಂವಿಧಾನದ ಕಲಮುಗಳ ಮೇಲೆ ಬಾಗಿ ಕೂತಿರುತ್ತಾರೆ. ಸಂಜೆ ಗಿರಮಿಟ್ಟಿನ ಗಾಡಿಯ ಮುಂದೆ ಅರ್ಧ ತಾಸು ನಾಲಿಗೆ ಬಿಚ್ಚುತ್ತದೆ. ಆಗಲೂ ಮಾತೆಲ್ಲ ನೋಟಿಫಿಕೇಶನ್ ಯಾವಾಗ, ಕಟ್‌ಆಫ್ ಎಷ್ಟು ನಿಂತೀತು ಎಂಬುದರ ಸುತ್ತಲೇ.

ಆದ್ದರಿಂದ ರಾತ್ರಿ ಹನ್ನೊಂದರ ಮೇಲೆ ನಮ್ಮ ಓಣಿಯ ಮಾಳಿಗೆಯ ರೂಮಿನಿಂದ ಕೂಗು ಕೇಳಿದಾಗ ಮೊದಮೊದಲು ಜಗಳವೆಂದೇ ಅನಿಸುತ್ತಿತ್ತು. “ಎಡಕ್ಕ ನೋಡಲೇ, ಎಡಕ್ಕ!” “ಕಡಿ, ಕಡಿ, ನಿಂದರಬ್ಯಾಡ!” “ಔಷಧ ಕುಡಿಯೋ ಮಂಗ್ಯಾ, ಸಾಯ್ತಿ!” ಮೇಲೆ ಹೋಗಿ ನೋಡಿದರೆ ಇಬ್ಬರು ಹುಡುಗರು, ಎರಡು ಹಳೆಯ ಲ್ಯಾಪ್‌ಟಾಪು, ಕಿವಿಗೆ ಹೆಡ್‌ಫೋನು. ಕೂಗುತ್ತಿದ್ದದ್ದು ಎದುರಿಗಿದ್ದವನಿಗಲ್ಲ. ಬೆಂಗಳೂರಿನಲ್ಲಿ ಕಂಪನಿ ಸೇರಿದ ಒಬ್ಬ ಗೆಳೆಯ, ಊರಲ್ಲೇ ಉಳಿದ ಇನ್ನೊಬ್ಬ, ನಾಲ್ವರೂ ಸೇರಿ ಒಂದೇ ನೆಲಮಾಳಿಗೆಯಲ್ಲಿ ಪಿಶಾಚಿಗಳನ್ನು ಕೊಚ್ಚುತ್ತಿದ್ದರು.

ಫೋನಿನಲ್ಲಿ ಆಡುವ ಬಿಜಿಎಂಐ, ಫ್ರೀ ಫೈರ್‌ಗಳಲ್ಲ ಇವು. ಸಪ್ತಾಪುರದಲ್ಲಿ ಆ ಬಂದೂಕಿನ ಆಟಗಳದೇ ದೊಡ್ಡ ಜಾತ್ರೆ, ಈ ಕತ್ತಿಯವರದು ಸಣ್ಣ ಪಂಗಡ. ಹ್ಯಾಕ್ ಆ್ಯಂಡ್ ಸ್ಲ್ಯಾಶ್ ಎನ್ನುತ್ತಾರೆ. ಬೇಕಿದ್ದರೆ ಕಡಿ-ಕೊಚ್ಚು ಆಟ ಅನ್ನಿ. ಆಕಾಶದಲ್ಲಿ ಗಿಡುಗ ಕೂತು ನೋಡಿದಂತೆ ಮೇಲಿನಿಂದ ದೃಶ್ಯ. ಕೆಳಗೆ ಸಣ್ಣದಾಗಿ ನಮ್ಮ ವೀರ ಅಥವಾ ಮಾಟಗಾತಿ. ಕತ್ತಲೆಯಿಂದ ನುಗ್ಗಿ ಬರುವ ಅಸ್ಥಿಪಂಜರ, ಜೇಡ, ಕೋಡಿನ ದೆವ್ವಗಳ ಹಿಂಡು. ಮೌಸಿನ ಗುಂಡಿ ಒತ್ತಿದಷ್ಟು ಸಲ ಕತ್ತಿ ಬೀಸುತ್ತದೆ. ಸತ್ತ ದೆವ್ವ ನೆಲದ ಮೇಲೆ ಏನಾದರೊಂದು ಬಿಟ್ಟು ಹೋಗುತ್ತದೆ: ನಾಲ್ಕು ನಾಣ್ಯ, ಒಂದು ತೂತುಬಿದ್ದ ಟೋಪಿ, ಎಲ್ಲೋ ಒಮ್ಮೆ ಬಂಗಾರದ ಬಣ್ಣದ ಹೆಸರು ಹೊತ್ತ ಖಡ್ಗ. ಎತ್ತಿಕೊಂಡರೆ ಕೈಗೆ ಬಲ, ಬಲ ಬಂದರೆ ಇನ್ನೂ ಕೆಳಗಿನ ಅಂತಸ್ತು, ಅಲ್ಲಿ ಇನ್ನೂ ದೊಡ್ಡ ದೆವ್ವ. ಆಟವೆಂದರೆ ಇಷ್ಟೇ. ಇಷ್ಟಕ್ಕೇ ಜಗತ್ತಿನಲ್ಲಿ ಲಕ್ಷಾಂತರ ಜನ ನಿದ್ದೆಗೆಟ್ಟಿದ್ದಾರೆ.

ಇದರ ಮೂಲ ಹುಡುಕಿದರೆ ಕ್ಯಾಲಿಫೋರ್ನಿಯದ ವಿಶ್ವವಿದ್ಯಾಲಯದ ಹುಡುಗರಿಗೇ ಹೋಗಿ ಮುಟ್ಟುತ್ತದೆ. 1980ರ ಸುಮಾರಿಗೆ ಮೈಕಲ್ ಟಾಯ್, ಗ್ಲೆನ್ ವಿಚ್‌ಮನ್, ಆಮೇಲೆ ಕೆನ್ ಅರ್ನಾಲ್ಡ್ ಸೇರಿ ‘ರೋಗ್’ ಎಂಬ ಆಟ ಬರೆದರು. ಚಿತ್ರವಿಲ್ಲ, ಬರೀ ಅಕ್ಷರ. ದೆವ್ವಕ್ಕೊಂದು ಇಂಗ್ಲಿಷ್ ಅಕ್ಷರ, ವೀರನಿಗೊಂದು ಚಿಹ್ನೆ. ಆದರೆ ಪ್ರತಿಸಲ ಶುರು ಮಾಡಿದಾಗ ಕಂಪ್ಯೂಟರು ಹೊಸದೊಂದು ನೆಲಮಾಳಿಗೆಯನ್ನು ತಾನೇ ಕಟ್ಟಿಕೊಡುತ್ತಿತ್ತು. ನಿನ್ನೆಯ ದಾರಿ ಇವತ್ತಿಗೆ ಬರುವುದಿಲ್ಲ. ಆ ವಂಶದ ಆಟಗಳನ್ನು ಆಡಿ ಬೆಳೆದ ಡೇವಿಡ್ ಬ್ರೆವಿಕ್ ಮುಂದೆ ‘ಡಯಾಬ್ಲೊ’ ಮಾಡಿದರು. ಹೆಸರು ಬಂದದ್ದು ಅವರಿದ್ದ ಊರಿನ ಬಳಿಯ ಡಯಾಬ್ಲೊ ಬೆಟ್ಟದಿಂದ. ಮೊದಲಿಗೆ ಅದು ಚದುರಂಗದ ಹಾಗೆ ಸರದಿಯ ಆಟವಾಗಿತ್ತು: ನೀನೊಂದು ನಡೆ, ದೆವ್ವದ್ದೊಂದು ನಡೆ. ಸರದಿ ಕಿತ್ತುಹಾಕಿ ನೇರ ಹೊಡೆದಾಟ ಮಾಡಿ ಎಂದು ಪ್ರಕಾಶಕರಾದ ಬ್ಲಿಝರ್ಡ್‌ನವರು ಒತ್ತಾಯಿಸಿದರು. ಬ್ರೆವಿಕ್‌ಗೆ ಮನಸ್ಸಿರಲಿಲ್ಲ. ಮಾಡಿಯೇ ನೋಡೋಣವೆಂದು ಒಂದು ಮಧ್ಯಾಹ್ನ ಕೂತು ಕೋಡು ತಿದ್ದಿದರು. ಕೆಲವೇ ತಾಸಿನಲ್ಲಿ ಒಂದು ಕ್ಲಿಕ್ಕಿಗೆ ಒಂದು ಅಸ್ಥಿಪಂಜರ ಪುಡಿಪುಡಿಯಾಗಿ ಬಿತ್ತು. ಆ ಕ್ಷಣವೇ ತಮಗೆ ಎಲ್ಲ ತಿಳಿದುಹೋಯಿತೆಂದು ಅವರು ಆಮೇಲೆ ಹೇಳಿಕೊಂಡಿದ್ದಾರೆ. 1996ರ ಕೊನೆಗೆ ಆಟ ಹೊರಬಂತು. ಟ್ರಿಸ್ಟ್ರಮ್ ಎಂಬ ಹಾಳೂರು, ಅಲ್ಲೊಂದು ಇಗರ್ಜಿ, ಅದರ ಕೆಳಗೆ ಹದಿನಾರು ಅಂತಸ್ತು. ಜೊತೆಗೆ ಬ್ಯಾಟಲ್.ನೆಟ್ ಎಂಬ ಪುಕ್ಕಟೆ ಕಟ್ಟೆ. ದೂರದೂರದ ನಾಲ್ವರು ಅಲ್ಲಿ ಕೂಡಿ ಒಟ್ಟಿಗೆ ಕೆಳಗಿಳಿಯಬಹುದಿತ್ತು.

2000ದಲ್ಲಿ ಬಂದ ಎರಡನೆಯ ಡಯಾಬ್ಲೊದಲ್ಲಿ ಒಂದು ಗುಪ್ತ ಅಂಕವಿದೆ. ಎರಡು ಕಾಲ ಮೇಲೆ ನಿಂತು, ಉದ್ದ ಹಿಡಿಕೆಯ ಆಯುಧ ಹಿಡಿದು ಹಿಂಡುಹಿಂಡಾಗಿ ಮೈಮೇಲೆ ಬರುವ ಆಕಳುಗಳು. ಮೊದಲ ಆಟದಲ್ಲಿ ಇಂಥದೊಂದು ಇದೆಯೆಂದು ಗಾಳಿಸುದ್ದಿ ಹಬ್ಬಿತ್ತು, ಇಲ್ಲ ಇಲ್ಲ ಎಂದು ಹೇಳಿ ಸಾಕಾದ ತಯಾರಕರು ಎರಡನೆಯದರಲ್ಲಿ ನಗೆಗೆಂದು ಮಾಡಿಯೇ ಬಿಟ್ಟರು. ಕೊಟ್ಟಿಗೆಯಲ್ಲಿ ದನ ಕಟ್ಟಿದ ಮನೆಯಿಂದ ಬಂದ ಹುಡುಗನಿಗೆ ತುಸು ಮುಜುಗರದ ಅಂಕ. ಆದರೂ ಆಡುತ್ತಾನೆ. ಬೀಳುವ ಮಾಲು ಅಷ್ಟು ಚಲೋ ಇದೆ.

ಮೇಲಿನ ರೂಮಿನವರು ಆಡುವುದು ಡಯಾಬ್ಲೊ ಅಲ್ಲ, ‘ಪಾತ್ ಆಫ್ ಎಗ್ಸೈಲ್’. ಕಾರಣ ಸರಳ: ಅದಕ್ಕೆ ದುಡ್ಡು ಕೊಡಬೇಕಿಲ್ಲ. ನ್ಯೂಝಿಲೆಂಡಿನ ಆಕ್ಲೆಂಡಿನಲ್ಲಿ ಡಯಾಬ್ಲೊದ ಹುಚ್ಚಿದ್ದ ಕೆಲವು ಗೆಳೆಯರು 2006ರಲ್ಲಿ ಶುರು ಮಾಡಿ 2013ರಲ್ಲಿ ಹೊರತಂದ ಆಟವಿದು. ಇದರಲ್ಲಿ ಪಾತ್ರದ ಶಕ್ತಿ ಬೆಳೆಸಲು ಒಂದು ದೊಡ್ಡ ನಕ್ಷೆಯಿದೆ. ಸಾವಿರದ ಮುನ್ನೂರಕ್ಕೂ ಹೆಚ್ಚು ಚುಕ್ಕಿಗಳು, ಅವುಗಳ ನಡುವೆ ಬಲೆಯಂತೆ ಗೆರೆಗಳು. ಮಟ್ಟ ಏರಿದಾಗೆಲ್ಲ ಒಂದು ಚುಕ್ಕಿ ಆರಿಸಬೇಕು. ಇಲ್ಲಿ ತಪ್ಪಿದರೆ ಅರವತ್ತನೆಯ ಮಟ್ಟದಲ್ಲಿ ಗೋಳು. ಹೊಸಬರು ಈ ನಕ್ಷೆ ಕಂಡು ಆಟ ಬಿಟ್ಟು ಓಡುತ್ತಾರೆಂಬುದು ಆಡುವವರಲ್ಲಿ ಹಳೆಯ ನಗೆಮಾತು. ನಮ್ಮ ಮಾಳಿಗೆಯ ಹುಡುಗರಲ್ಲೊಬ್ಬ ಓಡಲಿಲ್ಲ. ಹಾಳೆ ತೆಗೆದು ನೋಟ್ಸ್ ಮಾಡಿದ. ಕೆಎಎಸ್ ಸಿಲಬಸ್ ಕಂಡವನಿಗೆ ಇದೇನು ಮಹಾ! ಅವನ ಗೋಡೆಯ ಮೇಲೆ ಈಗ ಎರಡು ಚಾರ್ಟುಗಳಿವೆ. ಒಂದರಲ್ಲಿ ಮೂಲಭೂತ ಹಕ್ಕುಗಳು, ಹದಿನಾಲ್ಕರಿಂದ ಮೂವತ್ತೆರಡು. ಇನ್ನೊಂದರಲ್ಲಿ ಮಿಂಚಿನ ಬಾಣ ಬಿಡುವ ಬೇಟೆಗಾತಿಯನ್ನು ಯಾವ ಚುಕ್ಕಿಯಿಂದ ಯಾವ ಚುಕ್ಕಿಗೆ ಒಯ್ಯಬೇಕೆಂಬ ಲೆಕ್ಕ.

ಓದಲು ಬಂದವರು ಹಿಂಗ ರಾತ್ರಿ ಹಾಳು ಮಾಡಿದರ ಹೆಂಗಪಾ, ಎಂದು ಕೇಳಿದ್ದಕ್ಕೆ ಅವನು ಕೊಟ್ಟ ಉತ್ತರ ನನಗೆ ಈ ಲೇಖನ ಬರೆಯಲು ಹಚ್ಚಿತು. “ಏನ್ ಮಾಡೂದ್ರಿ ಸರ, ಇಲ್ಲಿ ಹೊಡದ್ರ ಏನರ ಬೀಳತೈತಿ.”

ಹೊಡೆದರೂ ಏನೂ ಬೀಳದ ಕಡೆ ಯಾವುದು ಎಂಬುದನ್ನು ಅವನು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. 2021ರ ಅಕ್ಟೋಬರ್ 3ರಂದು 545 ಪಿಎಸ್‌ಐ ಹುದ್ದೆಗಳಿಗೆ ಲಿಖಿತ ಪರೀಕ್ಷೆ ಆಯಿತು. ಬರೆದವರು 54 ಸಾವಿರದಷ್ಟು. ಹೆಚ್ಚುಕಡಿಮೆ ನೂರರಲ್ಲಿ ಒಬ್ಬರಿಗೆ ನೌಕರಿ. ಜನವರಿಯಲ್ಲಿ ಆಯ್ಕೆ ಪಟ್ಟಿ ಬಂತು. ಏಪ್ರಿಲ್‌ನಲ್ಲಿ ಹಗರಣ ಹೊರಬಿದ್ದು, 2022ರ ಏಪ್ರಿಲ್ 29ಕ್ಕೆ ಸರ್ಕಾರ ಇಡೀ ಪರೀಕ್ಷೆಯನ್ನೇ ರದ್ದು ಮಾಡಿತು. ನ್ಯಾಯಾಲಯ, ವಾದ, ಕಾಯುವಿಕೆ. 2023ರ ನವೆಂಬರ್‌ನಲ್ಲಿ ಹೈಕೋರ್ಟು ರದ್ದತಿಯನ್ನು ಎತ್ತಿಹಿಡಿದ ಮೇಲೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಮರುಪರೀಕ್ಷೆ ನಡೆಸಿದ್ದು 2024ರ ಜನವರಿ 23ಕ್ಕೆ. ಕದಿಯದೆ ಬರೆದು ಪಾಸಾದವನೂ ಎರಡು ವರ್ಷ ಮೂರು ತಿಂಗಳ ನಂತರ ಮತ್ತೆ ಮೊದಲ ಪ್ರಶ್ನೆಯಿಂದ ಶುರು ಮಾಡಬೇಕಾಯಿತು. ಅದೇ ವರ್ಷ 384 ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳ ಪೂರ್ವಭಾವಿ ಪರೀಕ್ಷೆ ಆಗಸ್ಟ್ 27ಕ್ಕೆ ನಡೆದು, ಪ್ರಶ್ನೆಪತ್ರಿಕೆಯ ಕನ್ನಡ ಅನುವಾದದ ಅವಾಂತರದಿಂದ ಡಿಸೆಂಬರ್ 29ಕ್ಕೆ ಎರಡನೆಯ ಸಲ ನಡೆಯಿತು. ಎರಡನೆಯದರಲ್ಲೂ ತಪ್ಪುಗಳಿದ್ದವು. ಕನ್ನಡದಲ್ಲಿ ಓದಿದವನೇ ಕನ್ನಡದ ಪ್ರಶ್ನೆ ಅರ್ಥವಾಗದೆ ಕೂತ.

ಇದನ್ನೆಲ್ಲ ಅನುಭವಿಸಿದ ಹುಡುಗನ ಮುಂದೆ, ನೂರು ದೆವ್ವ ಕಡಿದರೆ ನೂರಕ್ಕೂ ಲೆಕ್ಕ ಕೊಡುವ ಯಂತ್ರವೊಂದನ್ನು ಇಟ್ಟು ನೋಡಿ. ಪ್ರತಿ ಹೊಡೆತಕ್ಕೆ ಒಂದು ಸಂಖ್ಯೆ ಮೇಲೇಳುತ್ತದೆ. ಪ್ರತಿ ಸಾವಿಗೆ ಅನುಭವದ ಪಟ್ಟಿ ಎಳೆಯಷ್ಟಾದರೂ ಮುಂದೆ ಸರಿಯುತ್ತದೆ. ಪಟ್ಟಿ ತುಂಬಿದರೆ ಮಟ್ಟ ಏರಲೇಬೇಕು. ಯಾವ ಕಚೇರಿಯೂ ಅದನ್ನು ತಡೆಹಿಡಿಯಲಾರದು. ಈ ಆಟಗಳನ್ನು ಜನ ವಾಸ್ತವದಿಂದ ತಪ್ಪಿಸಿಕೊಳ್ಳುವ ದಾರಿ ಎನ್ನುತ್ತಾರೆ. ನನಗೆ ಹಾಗನಿಸುವುದಿಲ್ಲ. ಇವರು ದುಡಿಮೆಯಿಂದ ತಪ್ಪಿಸಿಕೊಂಡು ಅಲ್ಲಿಗೆ ಹೋದವರಲ್ಲ, ದುಡಿಮೆ ಹುಡುಕಿಕೊಂಡು ಹೋದವರು. ದಿನಗೂಲಿ ಸರಿಯಾಗಿ ಎಣಿಸಿ ಕೊಡುವ ಜಾಗ ಅದು.

ಆದರೆ ಕೂಲಿ ಕೊಡುವವನೂ ಚಾಲಾಕಿ. ದೊಡ್ಡ ಮಾಲು ಯಾವಾಗ ಬೀಳುತ್ತದೆಂಬುದು ದಾಳದ ಮೇಲೆ ನಿಂತಿದೆ. ಒಂದು ಖಡ್ಗ ನಾನೂರರಲ್ಲಿ ಒಂದು ಸಲ ಬೀಳುವ ಹಾಗೆ ಇಟ್ಟಿದ್ದಾರೆನ್ನಿ. ನಾನೂರು ಸಲ ಆ ದೆವ್ವವನ್ನು ಕೊಂದರೆ ಸಿಕ್ಕೇ ಸಿಗುತ್ತದೆಂದು ಆಡುವವನ ಮನಸ್ಸು ಹೇಳುತ್ತದೆ. ಗಣಿತ ಹಾಗೆ ಹೇಳುವುದಿಲ್ಲ. ನಾನೂರು ಸಲ ಕೊಂದ ಮೇಲೂ ನೂರರಲ್ಲಿ ಮೂವತ್ತೇಳು ಜನ ಬರಿಗೈಯಲ್ಲೇ ಇರುತ್ತಾರೆ. ನಾನೂರೊಂದನೆಯದಕ್ಕೆ ಅವರ ಅದೃಷ್ಟ ಮತ್ತೆ ಅದೇ ನಾನೂರರಲ್ಲಿ ಒಂದು. ದಾಳಕ್ಕೆ ಹಿಂದಿನ ಬೆವರಿನ ನೆನಪಿಲ್ಲ. ಹೀಗೆ ಯಾವಾಗ ಬರುತ್ತದೋ ಗೊತ್ತಿಲ್ಲದ ಬಹುಮಾನಕ್ಕೆ ಪ್ರಾಣಿಗಳು ಎಷ್ಟು ಬಿಡದೆ ಗುಂಡಿ ಒತ್ತುತ್ತವೆಂಬುದನ್ನು ಮನೋವಿಜ್ಞಾನಿ ಸ್ಕಿನ್ನರ್ ಪಾರಿವಾಳಗಳಲ್ಲಿ ತೋರಿಸಿ ಬಹಳ ಕಾಲವಾಯಿತು. ದಿನಗೂಲಿಯ ಭರವಸೆ ಒಂದು ಕೈಯಲ್ಲಿ, ಲಾಟರಿಯ ಆಸೆ ಇನ್ನೊಂದರಲ್ಲಿ. ಎರಡನ್ನೂ ಒಂದೇ ಕ್ಲಿಕ್ಕಿಗೆ ಕಟ್ಟಿದ್ದೇ ಈ ಜಾತಿಯ ಆಟದ ಜಾಣತನ. ಮಾಡಿದವರಿಗೆ ಇದು ಚೆನ್ನಾಗಿ ಗೊತ್ತು. ಆಡುವವರಿಗೂ ಗೊತ್ತು. ಗೊತ್ತಿದ್ದೂ ರಾತ್ರಿ ಒಂದೂವರೆಯಾಗುತ್ತದೆ.

ಮೋಸದ ಕಥೆಯೂ ಇಲ್ಲಿದೆ, ಮತ್ತು ಪಿಎಸ್‌ಐ ಪರೀಕ್ಷೆ ಬರೆದವರಿಗೆ ಅದು ಕೂಡಲೇ ತಿಳಿಯುತ್ತದೆ. ಮೊದಲ ಡಯಾಬ್ಲೊದಲ್ಲಿ ಪಾತ್ರದ ಪೂರಾ ಲೆಕ್ಕ ಆಡುವವನ ಕಂಪ್ಯೂಟರಿನಲ್ಲೇ ಇರುತ್ತಿತ್ತು. ಕಡತ ತೆರೆದು ತಿದ್ದಿದರೆ ನಿನ್ನೆ ಸೇರಿದವನು ಇಂದು ಮಹಾವೀರ. ತಿಂಗಳೊಪ್ಪತ್ತಿನಲ್ಲಿ ಬ್ಯಾಟಲ್.ನೆಟ್ ತುಂಬ ಕಳ್ಳ ವೀರರು. ಎರಡನೆಯ ಡಯಾಬ್ಲೊದಲ್ಲಿ ಕಂಪನಿ ಪಾಠ ಕಲಿತು, ಆನ್‌ಲೈನ್ ಪಾತ್ರಗಳ ಲೆಕ್ಕವನ್ನು ತನ್ನ ಸರ್ವರಿನಲ್ಲೇ ಇಟ್ಟುಕೊಂಡಿತು. ಆಗಲೂ ಒಂದು ಉಂಗುರವನ್ನು ಎರಡು ಮಾಡುವ ಕಿಂಡಿಗಳು ಸಿಗುತ್ತಲೇ ಇದ್ದವು. ‘ಸ್ಟೋನ್ ಆಫ್ ಜೋರ್ಡನ್’ ಎಂಬ ಉಂಗುರ ಆಟಗಾರರ ನಡುವೆ ನೋಟಿನ ಹಾಗೆ ಚಲಾವಣೆಯಲ್ಲಿತ್ತು, ನಕಲಿ ಉಂಗುರ ಸುರಿದು ಅದರ ಬೆಲೆ ಕುಸಿಯಿತು. ಪ್ರಶ್ನೆ ಒಂದೇ: ಲೆಕ್ಕದ ಪುಸ್ತಕ ಯಾರ ಕೈಯಲ್ಲಿದೆ, ಬರೆದ ಮೇಲೆ ಯಾರು ಅದನ್ನು ಮುಟ್ಟಬಲ್ಲರು? ಕೆಲವೇ ಪ್ರಶ್ನೆಗೆ ಗುಂಡು ತುಂಬಿದ್ದ ಓಎಂಆರ್ ಹಾಳೆಗೆ ಭರಪೂರ ಅಂಕ ಬಂದ ರಾಜ್ಯದಲ್ಲಿ ಈ ಪ್ರಶ್ನೆ ಬರೀ ಆಟದ್ದಲ್ಲ.

ಸರ್ವರು ದೂರವಿದ್ದರೆ ಅದರದೇ ಪೀಡೆ. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಸರ್ವರು ಸಿಂಗಪುರದಲ್ಲಿದೆಯೆನ್ನಿ, ಧಾರವಾಡದಿಂದ ಅಲ್ಲಿಗೆ ನೆಟ್ಟಗೆ ಗೆರೆ ಎಳೆದರೂ ಸುಮಾರು 3,500 ಕಿಲೋಮೀಟರ್. ಹೋಗಿ ಬರಲು ಬೆಳಕಿಗೇ 35 ಮಿಲಿಸೆಕೆಂಡು ಬೇಕು. ತಂತಿ ನೆಟ್ಟಗಿರುವುದಿಲ್ಲ, ನಡುವೆ ಹತ್ತಾರು ಕಟ್ಟೆಗಳು, ಆದ್ದರಿಂದ ನಿಜದಲ್ಲಿ ಇನ್ನೂ ಜಾಸ್ತಿ. ಇದಕ್ಕೆ ಹುಡುಗರು ಪಿಂಗ್ ಎನ್ನುತ್ತಾರೆ. ಪಿಂಗ್ ಏರಿದರೆ ನೀವು ನೋಡುತ್ತಿರುವ ದೆವ್ವ ಈಗಾಗಲೇ ಜಾಗ ಬದಲಿಸಿದೆ, ನೀವು ಕಡಿಯುವುದು ಅದರ ನೆರಳನ್ನು. ಒಬ್ಬರೇ ಆಡುವಾಗಲೂ ನೆಟ್ ಇರಲೇಬೇಕೆಂದು ಹಟ ಹಿಡಿದ ಮೂರನೆಯ ಡಯಾಬ್ಲೊ 2012ರ ಮೇ 15ಕ್ಕೆ ಬಿಡುಗಡೆಯಾದಾಗ ಜಗತ್ತಿನೆಲ್ಲೆಡೆ ಜನ ಕಂಡದ್ದು ದೆವ್ವಗಳನ್ನಲ್ಲ, ‘ಎರರ್ 37’ ಎಂಬ ಫಲಕವನ್ನು. ಎಲ್ಲರೂ ಒಮ್ಮೆಲೇ ಬಾಗಿಲು ತಟ್ಟಿ ಸರ್ವರು ಮಲಗಿತ್ತು. ಫಲಿತಾಂಶದ ದಿನ ವೆಬ್‌ಸೈಟು ಮಲಗುವುದನ್ನು ಕಂಡವರಿಗೆ ಹೊಸ ಅನುಭವವೇನಲ್ಲ. ಡಯಾಬ್ಲೊದಲ್ಲಿ ‘ಹಾರ್ಡ್‌ಕೋರ್’ ಎಂಬ ಕಠಿಣ ಬಗೆಯೊಂದಿದೆ, ಅದರಲ್ಲಿ ಪಾತ್ರ ಒಮ್ಮೆ ಸತ್ತರೆ ಮುಗಿಯಿತು, ಮತ್ತೆ ಹುಟ್ಟಿಲ್ಲ. ಮಳೆಗಾಲದ ಧಾರವಾಡದಲ್ಲಿ ಆ ಬಗೆ ಆಡಲು ಎದೆಗಾರಿಕೆ ಬೇಕು. ದೆವ್ವಕ್ಕಿಂತ ಹೆಚ್ಚು ವೀರರನ್ನು ಕೊಂದದ್ದು ಹೋದ ಕರೆಂಟು.

ಹುಡುಗಿಯರ ಪಿ.ಜಿ.ಗಳಲ್ಲಿ ಕಥೆ ಬೇರೆ. ಆಡುವವರು ಅಲ್ಲೂ ಇದ್ದಾರೆ, ಆದರೆ ಮೈಕು ಬಂದ್ ಮಾಡಿ. ಹೆಣ್ಣಿನ ದನಿ ಕೇಳಿದ ಕೂಡಲೇ ದೆವ್ವ ಬಿಟ್ಟು ಇವರ ಬೆನ್ನು ಹತ್ತುವ ಮಂದಿ ಯಾವ ದೇಶದ ಸರ್ವರಿನಲ್ಲೂ ಕಡಿಮೆಯಿಲ್ಲ. ಅವರು ಕೂಗದೆಯೇ ಕಡಿಯುತ್ತಾರೆ. ಹಗಲಿನ ನಿಶ್ಶಬ್ದವೇ ರಾತ್ರಿಗೂ ಮುಂದುವರಿಯುತ್ತದೆ.

ಊರಿನಿಂದ ಫೋನು ಮಾಡುವ ಅಪ್ಪ-ಅವ್ವನ ಮನಸ್ಸಿನಲ್ಲಿ ಆನ್‌ಲೈನ್ ಆಟವೆಂದರೆ ಎಲ್ಲ ಒಂದೇ: ದುಡ್ಡು ಕಳೆಯುವುದು. ಆ ಭಯಕ್ಕೆ ಆಧಾರವಿದೆ, ಆದರೆ ಅದು ಬೀಳಬೇಕಾದ ಜಾಗವೇ ಬೇರೆ. ಪಣ ಕಟ್ಟುವ ಆಟಗಳನ್ನು ತಡೆಯಲು ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದಿತು, 2022ರ ಫೆಬ್ರವರಿ 14ಕ್ಕೆ ಹೈಕೋರ್ಟು ಅದರ ಮುಖ್ಯ ಕಲಮುಗಳನ್ನು ಹೊಡೆದುಹಾಕಿತು. ಆಮೇಲೆ 2025ರ ಆಗಸ್ಟ್ 22ಕ್ಕೆ ರಾಷ್ಟ್ರಪತಿಗಳ ಅಂಕಿತ ಬಿದ್ದ ಕೇಂದ್ರದ ಕಾಯ್ದೆ ಹಣ ಹೂಡಿ ಹಣ ಗೆಲ್ಲುವ ಆನ್‌ಲೈನ್ ಆಟಗಳನ್ನು ನಡೆಸುವವರಿಗೆ ಮೂರು ವರ್ಷದವರೆಗೆ ಸಜೆ, ಒಂದು ಕೋಟಿ ರೂಪಾಯಿವರೆಗೆ ದಂಡ ಇಟ್ಟಿತು. ಇ-ಸ್ಪೋರ್ಟ್ಸ್ ಮತ್ತು ಸಾಮಾನ್ಯ ಆಟಗಳನ್ನು ಬೇರೆ ತೆಗೆದಿಟ್ಟಿತು. ಗೆರೆ ಎಳೆಯಬೇಕಾದದ್ದು ಅಲ್ಲೇ ಎಂದು ನನಗೂ ಅನಿಸುತ್ತದೆ. ಸಪ್ತಾಪುರದಲ್ಲಿ ಮೆಸ್ಸಿನ ದುಡ್ಡು ನುಂಗುವುದು ಐಪಿಎಲ್ ಕಾಲದ ಪಣವೇ ಹೊರತು ಕತ್ತಿ ಹಿಡಿದ ಬೇಟೆಗಾತಿಯಲ್ಲ.

ಹಾಗೆಂದು ಕತ್ತಿಯ ಆಟದವರು ಪೂರ್ತಿ ಸಾಧುಗಳೂ ಅಲ್ಲ. ಮೂರನೆಯ ಡಯಾಬ್ಲೊದಲ್ಲಿ ಸಿಕ್ಕ ಮಾಲನ್ನು ನಿಜವಾದ ಹಣಕ್ಕೆ ಮಾರುವ ಹರಾಜುಕಟ್ಟೆಯನ್ನು ಕಂಪನಿಯೇ ತೆರೆಯಿತು. ಜನ ದೆವ್ವ ಕಡಿಯುವುದನ್ನು ಬಿಟ್ಟು ಪೇಟೆಯಲ್ಲಿ ಕೂತರು. ಆಟದ ಜೀವಾಳವೇ ಹೋಯಿತೆಂದು ಒಪ್ಪಿಕೊಂಡು 2014ರ ಮಾರ್ಚ್ 18ಕ್ಕೆ ಕಂಪನಿ ಅದನ್ನು ಮುಚ್ಚಿತು. ಬುದ್ಧಿ ಬಂತೆಂದುಕೊಂಡರೆ 2022ರಲ್ಲಿ ಫೋನಿಗೆಂದು ತಂದ ‘ಡಯಾಬ್ಲೊ ಇಮ್ಮಾರ್ಟಲ್’ ದುಡ್ಡು ಕೊಟ್ಟು ಅದೃಷ್ಟ ಕೊಳ್ಳುವ ಆಟವಾಗಿತ್ತು. ಅದೃಷ್ಟದ ಪೆಟ್ಟಿಗೆಗಳ ಮೇಲೆ ಬಿಗಿ ಕಾನೂನಿದ್ದ ಬೆಲ್ಜಿಯಮ್ ಮತ್ತು ನೆದರ್ಲೆಂಡ್ಸ್‌ನಲ್ಲಿ ಅದು ಬಿಡುಗಡೆಯೇ ಆಗಲಿಲ್ಲ. ಇನ್ನು ಹಣವಿಲ್ಲದೆಯೂ ಹೋಗುವುದೊಂದಿದೆ, ಹೊತ್ತು. ಆಟ ಕೈಮೀರಿದ ಸ್ಥಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ರೋಗಗಳ ಪಟ್ಟಿಗೆ ಸೇರಿಸಿತು. ಬೆಂಗಳೂರಿನ ನಿಮ್ಹಾನ್ಸ್ ಅದಕ್ಕೂ ಮೊದಲೇ, 2014ರಲ್ಲಿ, ‘ಶಟ್’ ಎಂಬ ಕ್ಲಿನಿಕ್ ತೆರೆದಿತ್ತು. ಆ ಪಟ್ಟಿ ನೋಡುವುದು ಎಷ್ಟು ತಾಸು ಆಡಿದೆ ಎಂಬುದನ್ನಲ್ಲ. ಬೇಡವೆಂದಾಗ ನಿಲ್ಲಿಸಲು ಬರುತ್ತದೆಯೇ, ಉಳಿದ ಬದುಕು ಕೆಡುತ್ತಿದ್ದರೂ ಆಟವೇ ಮುಂದಾಗಿದೆಯೇ ಎಂಬುದನ್ನು. ನಮ್ಮ ಮಾಳಿಗೆಯವರಲ್ಲಿ ಒಬ್ಬನಿಗೆ ನಿಲ್ಲಿಸಲು ಬರುತ್ತದೆ. ಇನ್ನೊಬ್ಬನ ವಿಷಯ ಖಾತ್ರಿ ಹೇಳಲಾರೆ.

ರಾಕ್ಷಸ ಸಂಹಾರ ಇವರಿಗೆ ಹೊರಗಿನಿಂದ ಬಂದ ಹುಚ್ಚೂ ಅಲ್ಲ. ಸುಗ್ಗಿ ಮುಗಿದ ಮೇಲೆ ರಾತ್ರಿಯಿಡೀ ನಡೆಯುವ ದೊಡ್ಡಾಟದ ಅಟ್ಟದ ಮುಂದೆ ಕಂಬಳಿ ಹೊದ್ದು ಕೂತ ನೆನಪು ಈ ಹುಡುಗರಿಗೂ ಇದೆ. ಕಿರೀಟ, ಭುಜಕೀರ್ತಿ ಹೊತ್ತ ರಾಕ್ಷಸ ಹಲಗೆ ಅದುರುವ ಹಾಗೆ ಕುಣಿದು ಬರುವುದು, ಸಾರಥಿ ಅವನನ್ನು ಮಾತಾಡಿಸಿ ಹೆಸರು ಕುಲ ಕೇಳುವುದು, ಆಮೇಲೆ ಯುದ್ಧ. ಅಲ್ಲಿ ರಾಕ್ಷಸನಿಗೂ ಮಾತಿದೆ, ಒಮ್ಮೊಮ್ಮೆ ನಾಯಕನಿಗಿಂತ ಚಲೋ ಮಾತಿದೆ. ಡಯಾಬ್ಲೊದ ದೆವ್ವಗಳಲ್ಲಿ ಹೆಚ್ಚಿನವಕ್ಕೆ ಸಾಯುವುದಷ್ಟೇ ಕೆಲಸ. ನನಗೆ ಈ ಆಟಗಳಲ್ಲಿ ಬೇಸರ ಬರುವುದು ಇಲ್ಲೇ. ಹೆಸರೂ ಕೇಳದೆ ಕಡಿದರೆ ಎಂಥ ಯುದ್ಧ?

ನಮ್ಮ ಸುತ್ತಿನವರು ಪ್ರಯತ್ನಿಸಿಲ್ಲವೆಂದಲ್ಲ. ಹೈದರಾಬಾದಿನ ಓಗರ್ ಹೆಡ್ ಸ್ಟುಡಿಯೊ 2017ರಲ್ಲಿ ‘ಅಸುರ’ ಎಂಬ ಕಡಿ-ಕೊಚ್ಚು ಆಟ ತಂದಿತು. ಕೈಯಿಂದ ಬರೆದ ಚಿತ್ರಗಳು, ಪುರಾಣದ ನೆರಳು, ಪ್ರತಿಸಲ ಬದಲಾಗುವ ದಾರಿ. ಅದರಲ್ಲಿ ಆಡುವವನೇ ಅಸುರ. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ 2020ರಲ್ಲಿ ‘ರಾಜಿ’ ಬಿಡುಗಡೆ ಮಾಡಿತು, ಅಪಹರಣವಾದ ತಮ್ಮನನ್ನು ಹುಡುಕುವ ಹುಡುಗಿಯ ಕಥೆ. ಕರ್ನಾಟಕದ ಪಾಲು ಬೇರೆ ಥರ. ದೇಶದ ಮೊದಲ ಗೇಮ್ ಕಂಪನಿಗಳಲ್ಲೊಂದಾದ ಧ್ರುವ ಇಂಟರಾಕ್ಟಿವ್ 1997ರಲ್ಲೇ ಬೆಂಗಳೂರಿನಲ್ಲಿ ಶುರುವಾಯಿತು, ಹೊರಗಿನವರ ಆಟಗಳಿಗೆ ಚಿತ್ರ ಮಾಡಿಕೊಟ್ಟು ಹೆಸರು ಮಾಡಿತು, 2019ರಲ್ಲಿ ರಾಕ್‌ಸ್ಟಾರ್ ಅದನ್ನು ಕೊಂಡಿತು. ಬೇರೆಯವರ ದೆವ್ವಕ್ಕೆ ಬಣ್ಣ ಬಳಿಯುವುದರಲ್ಲಿ ನಾವು ನಿಪುಣರು. ಗದುಗಿನಲ್ಲಿ ಕೂತು ಕುರುಕ್ಷೇತ್ರವನ್ನು ಹಾಡಿದ ಕವಿಯ ಊರು ಇಲ್ಲಿಂದ ತಾಸೆರಡು ತಾಸಿನ ದಾರಿಯಲ್ಲಿರುವಾಗ, ಕನ್ನಡದಲ್ಲಿ ಮಾತಾಡುವ ಒಬ್ಬ ಆಟದ ರಾಕ್ಷಸ ಇನ್ನೂ ನನ್ನ ಕಣ್ಣಿಗೆ ಬಿದ್ದಿಲ್ಲ. ಮಾಳಿಗೆಯ ಹುಡುಗನಿಗೆ ಹೇಳಿದೆ. “ನೌಕರಿ ಸಿಗಲಿ ತಡೀರಿ ಸರ, ನಾನ ಮಾಡ್ತೇನಿ” ಎಂದ.

ಪಾತ್ ಆಫ್ ಎಗ್ಸೈಲ್‌ನಲ್ಲಿ ಕೆಲವು ತಿಂಗಳಿಗೊಮ್ಮೆ ಹೊಸ ಲೀಗ್ ಶುರುವಾಗುತ್ತದೆ. ಅದರಲ್ಲಿ ಆಡಬೇಕೆಂದರೆ ಎಲ್ಲರೂ ಮೊದಲ ಮಟ್ಟದಿಂದ, ಹರಕು ಬಟ್ಟೆಯಲ್ಲಿ, ಸಮುದ್ರದ ದಂಡೆಯಿಂದ ಹೊರಡಬೇಕು. ಹಳೆಯ ಖಡ್ಗಕ್ಕೆ ಅಲ್ಲಿ ಬೆಲೆಯಿಲ್ಲ. ಹೊಸಬರೂ ಹಳಬರೂ ಒಂದೇ ಸಾಲಿನಲ್ಲಿ ನಿಂತ ಆ ಮೊದಲ ವಾರವೇ ಆಟದ ಹಬ್ಬ. ಕಳೆದ ಸಲ ಹಬ್ಬಕ್ಕೆ ನಾಲ್ವರಲ್ಲಿ ಮೂವರೇ ಇದ್ದರು. ಊರಲ್ಲೇ ಉಳಿದಿದ್ದವನು 2024ರಲ್ಲಿ ಕರೆದ ಸಾವಿರ ಗ್ರಾಮ ಆಡಳಿತಾಧಿಕಾರಿ ಹುದ್ದೆಗಳಲ್ಲಿ ಒಂದನ್ನು ಹಿಡಿದ. ಈಗ ಅವನದು ಪಹಣಿ, ಬೆಳೆ ಸಮೀಕ್ಷೆ, ಮಳೆಹಾನಿಯ ಪಂಚನಾಮೆ. ನೆಟ್‌ವರ್ಕ್ ಸಿಕ್ಕರೆ ರವಿವಾರ ರಾತ್ರಿ ಒಂದು ತಾಸು ಬರುತ್ತಾನೆ, ಉಳಿದವರು ಎಪ್ಪತ್ತನೆಯ ಮಟ್ಟದಲ್ಲಿದ್ದರೆ ಇವನು ಇಪ್ಪತ್ತರಲ್ಲಿ. ಹೋದ ವಾರವೂ ಬಂದ. ಮೇಲಿನಿಂದ ಕೂಗು ಕೇಳಿತು: “ಸಾಹೇಬ್ರು ಬಂದ್ರು, ಹಿಂದ ಸರೀರಿ! ಅವರಿಗೆ ಮೊದಲ ಜಾತಿ-ಆದಾಯ ಪ್ರಮಾಣಪತ್ರ ತೋರ್ಸಿ, ಆಮ್ಯಾಲ ಬಾಸ್‌ನ್ನ ಕಡೀರಿ!”